ಕೆಲಸದ ಜಾಗದಲ್ಲಿ ಕಡ್ಡಾಯ ಲಸಿಕೆ: ಕೊಡಗಿನ ದುಡಿಯುವವರು ಏನನ್ನು ಕೇಳುತ್ತಿದ್ದಾರೆ?

ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಪರವಾನಗಿ ಪಡೆದು ನಡೆಯುವ ಹೋಟೆಲು, ರೆಸಾರ್ಟುಗಳ ಅಡುಗೆಮನೆಯಲ್ಲಿ ಆಹಾರ ಮುಟ್ಟುವ ಪ್ರತಿಯೊಬ್ಬ ಕೆಲಸಗಾರನೂ ಟೈಫಾಯಿಡ್ ಗುಂಪಿನ ಕಾಯಿಲೆಗಳ ವಿರುದ್ಧ ಲಸಿಕೆ ಹಾಕಿಸಿಕೊಂಡಿರಬೇಕು, ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಿಕೊಂಡಿರಬೇಕು, ಆ ದಾಖಲೆಗಳನ್ನು ಮಾಲೀಕರು ಅಧಿಕಾರಿಗಳು ಕೇಳಿದಾಗ ತೋರಿಸುವಂತೆ ಇಟ್ಟುಕೊಂಡಿರಬೇಕು ಎಂಬ ನಿಯಮ 2011ರಿಂದ ಇದೆ. ಆಹಾರ ಸುರಕ್ಷತೆಯ ಪರವಾನಗಿ ಮತ್ತು ನೋಂದಣಿ ನಿಯಮಾವಳಿಯ ನಾಲ್ಕನೇ ಅನುಸೂಚಿಯಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಈ ನಿಯಮದ ವಿರುದ್ಧ ಬಾಣಸಿಗರಾಗಲಿ, ಬಡಿಸುವವರಾಗಲಿ ದೊಡ್ಡ ದನಿಯಲ್ಲಿ ಆಕ್ಷೇಪ ಎತ್ತಿದ್ದನ್ನು ನಾನು ಕೇಳಿಲ್ಲ. ಆದರೆ 2021ರಲ್ಲಿ ಕೋವಿಡ್ ಲಸಿಕೆ ಬಂದಾಗ, ಇದೇ ಅಡುಗೆಮನೆಗಳಲ್ಲಿ, ಕಾಫಿ ತೋಟಗಳ ಲೈನ್‌ಮನೆಗಳಲ್ಲಿ (ಕೆಲಸಗಾರರಿಗೆ ಮಾಲೀಕರು ಕೊಡುವ ಸಾಲುಮನೆಗಳು), ಬಸ್ ಡಿಪೋಗಳಲ್ಲಿ, ಕಚೇರಿಗಳಲ್ಲಿ ‘ಕಡ್ಡಾಯ’ ಎಂಬ ವಿಷಯ ದೊಡ್ಡ ಚರ್ಚೆಯಾಯಿತು.

ಕಡ್ಡಾಯ ಲಸಿಕೆಯ ಬಗ್ಗೆ ನೌಕರರ ಅಭಿಪ್ರಾಯವನ್ನು ಲಸಿಕೆ ಬೇಕೆನ್ನುವವರು, ಬೇಡವೆನ್ನುವವರು ಎಂದು ಎರಡು ಪಾಲು ಮಾಡಿ ನೋಡುವುದು ವಾಡಿಕೆಯಾಗಿಬಿಟ್ಟಿದೆ. ಕೊಡಗಿನಂಥ ಜಿಲ್ಲೆಯಲ್ಲಿ ಹಾಗೆ ನೋಡಿದರೆ ಏನೂ ಅರ್ಥವಾಗುವುದಿಲ್ಲ. ಮೊದಲ ದಿನವೇ ಸಾಲಿನಲ್ಲಿ ನಿಂತು ಲಸಿಕೆ ಹಾಕಿಸಿಕೊಂಡವರು ಮಾಲೀಕರ ಆಜ್ಞೆಯನ್ನು ವಿರೋಧಿಸಿದ್ದುಂಟು. ತಿಂಗಳುಗಟ್ಟಲೆ ಹಿಂಜರಿದವರು ‘ಎಲ್ಲರಿಗೂ ಒಂದೇ ನಿಯಮ ಮಾಡಿದರೆ ನಮ್ಮದೇನೂ ತಕರಾರಿಲ್ಲ’ ಎಂದದ್ದೂ ಉಂಟು. ಲಸಿಕೆ ಯಾರನ್ನು ಕಾಪಾಡುತ್ತದೆ, ಅದರಿಂದಾಗುವ ನಷ್ಟ ಯಾರ ಮೇಲೆ ಬೀಳುತ್ತದೆ, ಬೇಡವೆಂದರೆ ಏನನ್ನು ಕಳೆದುಕೊಳ್ಳಬೇಕಾಗುತ್ತದೆ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ದುಡಿಯುವವರ ನಿಲುವು ನಿಂತಿರುತ್ತದೆ ಎಂಬುದು ನನ್ನ ತಿಳಿವಳಿಕೆ. ಈ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲನೆಯ ಪ್ರಶ್ನೆ ವಿಜ್ಞಾನಕ್ಕೆ ಸೇರಿದ್ದು. ತೋಟದಲ್ಲಿ ಮರಗಸಿ ಮಾಡುವಾಗ (ನೆರಳಿನ ಮರಗಳ ಕೊಂಬೆ ಸವರುವಾಗ), ಕಾಡು ಅಂದರೆ ಕಳೆ ಕಡಿಯುವಾಗ ಕತ್ತಿ ತಗುಲಿ ಗಾಯವಾದರೆ ಕೂಡಲೇ ಧನುರ್ವಾಯುವಿನ ಇಂಜೆಕ್ಷನ್ ಕೊಡಿಸುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಧನುರ್ವಾಯು ಮಣ್ಣಿನಲ್ಲಿರುವ ರೋಗಾಣುವಿನಿಂದ ಬರುತ್ತದೆ, ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಹರಡುವುದಿಲ್ಲ. ಹಾಗಾಗಿ ಆ ಲಸಿಕೆ ಹಾಕಿಸಿಕೊಂಡವನನ್ನು ಮಾತ್ರ ಕಾಯುತ್ತದೆ. ‘ನೀನು ಹಾಕಿಸಿಕೊಳ್ಳದಿದ್ದರೆ ನಿನ್ನ ಪಕ್ಕದ ಸಾಲಿನಲ್ಲಿ ಕಾಫಿ ಕೊಯ್ಯುವವನಿಗೆ ಅಪಾಯ’ ಎಂದು ಯಾರೂ ವಾದಿಸಲಾಗದು. ದಡಾರದ ಲಸಿಕೆ ಇದಕ್ಕೆ ಪೂರ್ತಿ ವಿರುದ್ಧವಾದ ತುದಿಯಲ್ಲಿದೆ. ಆ ರೋಗ ಎಷ್ಟು ವೇಗವಾಗಿ ಹರಡುತ್ತದೆಂದರೆ ಸಮುದಾಯದ ಶೇ. 95ರಷ್ಟು ಜನರಿಗೆ ರೋಗನಿರೋಧ ಇದ್ದರೆ ಮಾತ್ರ ಅದರ ಹಬ್ಬುವಿಕೆ ನಿಲ್ಲುತ್ತದೆ, ಮತ್ತು ಲಸಿಕೆ ಪಡೆದವರು ಬಹುಪಾಲು ರೋಗವನ್ನು ದಾಟಿಸುವುದೇ ಇಲ್ಲ. ಅಡುಗೆಯವರ ಟೈಫಾಯಿಡ್ ಲಸಿಕೆ ಇವೆರಡರ ನಡುವೆ ಬರುತ್ತದೆ: ಹೊಟ್ಟೆಯಲ್ಲಿ ರೋಗಾಣು ಹೊತ್ತುಕೊಂಡು ಮೇಲ್ನೋಟಕ್ಕೆ ಆರೋಗ್ಯವಾಗಿರುವ ಅಡುಗೆಯವನೊಬ್ಬ ನೂರಾರು ಅತಿಥಿಗಳಿಗೆ ರೋಗ ಬಡಿಸಬಲ್ಲ. ಆಸ್ಪತ್ರೆಯ ನರ್ಸುಗಳು ಮತ್ತು ಸ್ವಚ್ಛತಾ ಸಿಬ್ಬಂದಿ ಪಡೆಯಬೇಕಾದ ಹೆಪಟೈಟಿಸ್ ಬಿ ಲಸಿಕೆ, ಆರು ತಿಂಗಳ ಅವಧಿಯಲ್ಲಿ ಮೂರು ಡೋಸ್, ಮುಖ್ಯವಾಗಿ ಅವರನ್ನೇ ಕಾಯುತ್ತದೆ. ಬಳಸಿದ ಸೂಜಿ ಚುಚ್ಚುವುದು ಅವರ ಕೈಗೆ.

ಕೋವಿಡ್ ಲಸಿಕೆ ಈ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದು ಒಂದೇ ವರ್ಷದಲ್ಲಿ ಬದಲಾಯಿತು, ಮತ್ತು ನೌಕರರ ಗೊಂದಲಕ್ಕೆ ಬಹುಮುಖ್ಯ ಕಾರಣ ಇದೇ. ಆರಂಭದಲ್ಲಿ ಲಸಿಕೆ ಪಡೆದವರು ಸೋಂಕನ್ನು ದಾಟಿಸುವುದು ಗಣನೀಯವಾಗಿ ಕಡಿಮೆ ಎಂಬ ನಂಬಿಕೆ ಇತ್ತು. ಡೆಲ್ಟಾ ಎಂಬ ಹೊಸ ತಳಿ ಬಂದ ಮೇಲೆ ಆ ರಕ್ಷಣೆ ತಗ್ಗಿತು, 2021ರ ಡಿಸೆಂಬರಿನ ನಂತರ ಹಬ್ಬಿದ ಓಮೈಕ್ರಾನ್ ತಳಿಯ ಎದುರು ಇನ್ನಷ್ಟು ತಗ್ಗಿತು. ಆದರೆ ರೋಗ ಉಲ್ಬಣಿಸಿ ಆಸ್ಪತ್ರೆ ಸೇರುವುದನ್ನು, ಸಾಯುವುದನ್ನು ತಡೆಯುವ ಶಕ್ತಿ ಉಳಿದುಕೊಂಡಿತು. ಅಂದರೆ ಹಾಕಿಸಿಕೊಂಡವರಿಗೆ ಲಾಭ ದೊಡ್ಡದಾಗಿಯೇ ಉಳಿಯಿತು, ಪಕ್ಕದಲ್ಲಿರುವವರಿಗೆ ಸಿಗುವ ಲಾಭ ಕರಗುತ್ತ ಹೋಯಿತು. ‘ಹಾಕಿಸಿಕೊಳ್ಳುವುದು ಒಳ್ಳೆಯದು’ ಎಂಬ ಮಾತು ಇದರಿಂದ ಒಂದಿಷ್ಟೂ ದುರ್ಬಲವಾಗುವುದಿಲ್ಲ. ‘ಹಾಕಿಸಿಕೊಳ್ಳದವರನ್ನು ಕೆಲಸದಿಂದ ಹೊರಗಿಡಬೇಕು’ ಎಂಬ ವಾದಕ್ಕೆ ಮಾತ್ರ ಆಧಾರ ಕಡಿಮೆಯಾಗುತ್ತದೆ. ಈ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಹೇಳದೆ ಒಟ್ಟಿಗೆ ಹೇಳಿದ್ದರಿಂದ, ಎರಡನೆಯದನ್ನು ನಂಬದವರು ಮೊದಲನೆಯದನ್ನೂ ನಂಬದೇ ಹೋದರು ಎಂಬುದು ನನ್ನನ್ನು ಈಗಲೂ ಕಾಡುವ ಸಂಗತಿ.

ಇನ್ನು ನಡೆದದ್ದೇನು ಎಂಬುದನ್ನು ಕ್ರಮವಾಗಿ ನೋಡೋಣ. ದೇಶದಲ್ಲಿ ಲಸಿಕಾ ಅಭಿಯಾನ 2021ರ ಜನವರಿ 16ರಂದು ಆರೋಗ್ಯ ಕಾರ್ಯಕರ್ತರಿಂದ ಆರಂಭವಾಯಿತು. ಏಪ್ರಿಲ್ 1ರಿಂದ 45 ವರ್ಷ ದಾಟಿದ ಎಲ್ಲರಿಗೂ, ಮೇ 1ರಿಂದ 18 ದಾಟಿದವರಿಗೂ ಅವಕಾಶವಾಯಿತು. ಏಪ್ರಿಲ್ 11ರಿಂದ ಕೆಲಸದ ಸ್ಥಳಗಳಲ್ಲೇ ಲಸಿಕೆ ಕೊಡಬಹುದೆಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ತಿಳಿಸಿತು. ಅರ್ಹರೂ ಇಚ್ಛೆಯುಳ್ಳವರೂ ಆದ ಸುಮಾರು 100 ಮಂದಿ ಇದ್ದರೆ ಅಲ್ಲಿಗೇ ಲಸಿಕಾ ತಂಡ ಬರುವ ವ್ಯವಸ್ಥೆ ಅದು. ಕೊಡಗಿನ ತೋಟಗಳಲ್ಲಿ ನೂರು ಮಂದಿ ಒಂದೇ ಕಡೆ ಸಿಗುವುದು ದೊಡ್ಡ ಕಂಪನಿಗಳ ಎಸ್ಟೇಟುಗಳಲ್ಲಿ ಮಾತ್ರ. ಹತ್ತು ಹದಿನೈದು ಎಕರೆಯ ಬೆಳೆಗಾರರ ತೋಟದಲ್ಲಿ ದುಡಿಯುವ ನಾಲ್ಕೈದು ಮಂದಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕಾಗಿತ್ತು, ಅದೂ ಬಸ್ಸುಗಳು ಸರಿಯಾಗಿ ಓಡದ ದಿನಗಳಲ್ಲಿ.

ಹದಿನೆಂಟು ದಾಟಿದವರ ಸರದಿ ಚುರುಕಾಗುವ ಹೊತ್ತಿಗೆ ಜೂನ್ ಬಂದಿತ್ತು, ಜೂನ್ ಎಂದರೆ ಇಲ್ಲಿ ಮಳೆ. ಗಾಳಿ ಬೀಸಿ ಮರ ಬಿದ್ದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಟವರಿಲ್ಲ, ಟವರಿಲ್ಲದಿದ್ದರೆ ಲಸಿಕೆಯ ಸರ್ಕಾರಿ ಜಾಲತಾಣವಾದ ಕೋವಿನ್‌ನಲ್ಲಿ ಹೆಸರು ದಾಖಲಿಸಲು ಬೇಕಾದ ಒಟಿಪಿ ಬರುವುದಿಲ್ಲ. ಒಂದು ಮೊಬೈಲ್ ಸಂಖ್ಯೆಯಲ್ಲಿ ಆಗ ನಾಲ್ಕು ಜನರನ್ನು ಮಾತ್ರ ನೋಂದಾಯಿಸಬಹುದಿತ್ತು. ಹಾಜರಿ, ಲೆಕ್ಕ ಬರೆಯುವ ತೋಟದ ರೈಟರ್ ತನ್ನ ಫೋನನ್ನು ಕೊಟ್ಟರೂ ನಾಲ್ವರಿಗೆ ಮೀರಿ ಸಾಗುತ್ತಿರಲಿಲ್ಲ. ಗುರುತಿನ ಚೀಟಿ ಇಲ್ಲದವರಿಗೆ ಬೇರೆ ವ್ಯವಸ್ಥೆ ಮಾಡಬೇಕೆಂದು ಕೇಂದ್ರ ಸರ್ಕಾರ ಮೇ ತಿಂಗಳಲ್ಲೇ ಕಾರ್ಯವಿಧಾನ ಹೊರಡಿಸಿತ್ತು, ಆದರೆ ಅದು ಆದಿವಾಸಿಗಳ ಹಾಡಿಯ ಬಾಗಿಲಿಗೆ ತಲುಪಲು ಆಶಾ ಕಾರ್ಯಕರ್ತೆಯ ಕಾಲು ಬೇಕಿತ್ತು. ಹೀಗಿರುವಾಗ ‘ಲಸಿಕೆ ಪಡೆಯದವರು’ ಎಂಬ ಪಟ್ಟಿಯಲ್ಲಿ ಮನಸ್ಸಿಲ್ಲದವರ ಜೊತೆಗೆ ದಾರಿ ಸಿಗದವರೂ ಸೇರಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆ 2021ರ ಏಪ್ರಿಲ್‌ನಲ್ಲಿ ಕಡ್ಡಾಯ ಲಸಿಕೆಯ ನೈತಿಕತೆ ಕುರಿತು ಪ್ರಕಟಿಸಿದ ಟಿಪ್ಪಣಿಯಲ್ಲಿ, ಸಾಕಷ್ಟು ಪೂರೈಕೆ ಇಲ್ಲದೆ, ಸುಲಭವಾಗಿ ಉಚಿತವಾಗಿ ಸಿಗುವ ವ್ಯವಸ್ಥೆ ಇಲ್ಲದೆ ಕಡ್ಡಾಯ ಮಾಡಿದರೆ ಹೊರೆ ಬೀಳುವುದು ಮೊದಲೇ ಸೌಲಭ್ಯ ಇಲ್ಲದವರ ಮೇಲೆ ಎಂದು ಎಚ್ಚರಿಸಿದ್ದು ಇದನ್ನೇ.

ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ ನಡೆದ ಲಸಿಕಾ ಶಿಬಿರದಲ್ಲಿ ಹೆಸರು ಬರೆದುಕೊಳ್ಳುವ ಮೇಜಿನ ಬಳಿ ನಾನು ಕೂತಿದ್ದೆ. ಮಳೆ ಹನಿಯುತ್ತಿದ್ದುದರಿಂದ ಕಣದಲ್ಲಿ ಹಾಕಿದ್ದ ಶಾಮಿಯಾನ ಬಿಚ್ಚಿ ಗೋದಾಮಿನೊಳಗೆ, ಕಾಫಿ ಚೀಲಗಳನ್ನು ಒಂದು ಬದಿಗೆ ಸರಿಸಿ, ಜಾಗ ಮಾಡಿದ್ದರು. ಸಾಲಿನಲ್ಲಿದ್ದ ಒಬ್ಬಾಕೆ ತನ್ನ ಸರದಿ ಬಂದಾಗ ನರ್ಸಮ್ಮನ ಬದಲು ರೈಟರ್ ಕಡೆಗೆ ತಿರುಗಿ, ‘ರೈಟ್ರೇ, ನಾಳೆ ಜ್ವರ ಬಂದು ಮಲಗಿದ್ರೆ ಹಾಜರಿ ಹಾಕ್ತೀರಾ?’ ಎಂದು ಕೇಳಿದಳು. ರೈಟರಿಗೆ ಆ ಅಧಿಕಾರ ಇರಲಿಲ್ಲ. ‘ಸಾಹುಕಾರ್ರನ್ನ ಕೇಳ್ಬೇಕಮ್ಮ’ ಎಂದರು. ಆಕೆ ಏನೂ ಮಾತಾಡದೆ ಸಾಲಿನಿಂದ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಹಿಂದೆಯೇ ಇನ್ನೂ ನಾಲ್ಕು ಹೆಂಗಸರು ಬಂದು ನಿಂತರು. ರೈಟರ್ ಮಳೆಯಲ್ಲೇ ಟವರ್ ಸಿಗುವ ದಿಣ್ಣೆಗೆ ಹೋಗಿ ಫೋನ್ ಮಾಡಿ ಬಂದು, ಜ್ವರ ಬಂದವರಿಗೆ ಎರಡು ದಿನದ ಕೂಲಿ ಬರೆಯಲು ಒಪ್ಪಿಗೆ ಸಿಕ್ಕಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ ಮೇಲೆ ಐವರೂ ಮತ್ತೆ ಸಾಲಿಗೆ ಸೇರಿದರು. ಅಷ್ಟರಲ್ಲಿ ಮನೆಗೆ ಹೋಗಿಬಿಟ್ಟಿದ್ದ ಕೆಲವರು ಅಂದು ಮರಳಲಿಲ್ಲ.

ಅದೇ ಶಿಬಿರದಲ್ಲಿ ಯರವ ಎಂಬ ಆದಿವಾಸಿ ಸಮುದಾಯದ ಹಿರಿಯರೊಬ್ಬರಿಗೆ ಕೂಲಿಯ ಚಿಂತೆ ಇರಲಿಲ್ಲ. ಅವರ ಹಾಡಿಯಲ್ಲಿ ಲಸಿಕೆ ಹಾಕಿಸಿಕೊಂಡ ಒಬ್ಬರು ವಾರದೊಳಗೆ ತೀರಿಕೊಂಡಿದ್ದರು. ಏಕೆ ತೀರಿಕೊಂಡರು ಎಂದು ಯಾರೂ ಬಂದು ಹೇಳಿರಲಿಲ್ಲ. ಸಾವಿರಾರು ಜನ ಒಂದೇ ವಾರದಲ್ಲಿ ಲಸಿಕೆ ಪಡೆದಾಗ ಅವರಲ್ಲಿ ಕೆಲವರು ಹೃದಯದ ಕಾಯಿಲೆಯಿಂದಲೋ ಇನ್ನಾವುದೋ ಕಾರಣದಿಂದಲೋ ಆ ವಾರವೇ ಸಾಯುವುದು ಲೆಕ್ಕಾಚಾರದ ದೃಷ್ಟಿಯಿಂದ ನಿರೀಕ್ಷಿತವೇ. ಲಸಿಕೆಯಿಂದಲೇ ಗಂಭೀರ ತೊಂದರೆಯಾಗುವುದು ಅಪರೂಪ. ಅಪರೂಪವಾದರೂ ಇಲ್ಲದ್ದಲ್ಲ, ಕೋವಿಶೀಲ್ಡ್ ಮಾದರಿಯ ಲಸಿಕೆಗಳ ನಂತರ ರಕ್ತ ಹೆಪ್ಪುಗಟ್ಟುವ ವಿರಳ ಪ್ರಕರಣಗಳು ದಾಖಲಾಗಿವೆ. ಇಂಥ ಘಟನೆಗಳನ್ನು ಪರಿಶೀಲಿಸಿ ಕಾರಣ ನಿರ್ಣಯಿಸುವ ಸಮಿತಿಗಳು ಜಿಲ್ಲೆಯಿಂದ ಕೇಂದ್ರದವರೆಗೆ ಇವೆ. ಅವುಗಳ ತೀರ್ಮಾನ ಸತ್ತವರ ಹಾಡಿಗೆ ತಲುಪದಿದ್ದರೆ ಭಯ ಹೋಗುವುದು ಹೇಗೆ? ಆ ಹಿರಿಯರು ಅಂದು ಲಸಿಕೆ ಹಾಕಿಸಿಕೊಳ್ಳಲಿಲ್ಲ, ಅವರನ್ನು ಯಾರೂ ಒತ್ತಾಯಿಸಲೂ ಇಲ್ಲ. ಅವರು ರೋಗವನ್ನು ಹಗುರವಾಗಿ ಕಂಡವರೂ ಆಗಿರಲಿಲ್ಲ. ಮಡಿಕೇರಿ ದಸರಾದ ನಾಲ್ಕು ಮಾರಿಯಮ್ಮ ದೇವಾಲಯಗಳ ಕರಗದ ಹುಟ್ಟನ್ನು ಹಳೆಯ ಸಾಂಕ್ರಾಮಿಕವೊಂದರ ನೆನಪಿಗೆ ಜೋಡಿಸಿ ಇಂದಿಗೂ ಹೇಳುವ ನಾಡಿದು. ರೋಗದ ಭಯ ಇಲ್ಲಿ ಯಾರಿಗೂ ಹೊಸತಲ್ಲ.

ದುಡಿಯುವವರ ಅಭಿಪ್ರಾಯ ಕೆಲಸದಿಂದ ಕೆಲಸಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಇನ್ನಷ್ಟು ಗಮನಿಸಬೇಕು. ಆಸ್ಪತ್ರೆಯ ಸಿಬ್ಬಂದಿಯಲ್ಲಿ ಕಡ್ಡಾಯದ ಪರವಾದ ಮಾತು ಹೆಚ್ಚು ಕೇಳಿಬರುತ್ತಿತ್ತು: ರೋಗಿಯ ಮೈ ಮುಟ್ಟುವ ಕೈ ಸುರಕ್ಷಿತವಾಗಿರಬೇಕೆಂಬುದು ಅವರ ವೃತ್ತಿಯ ಭಾಗವೇ ಆಗಿರುವುದರಿಂದ, ಲಸಿಕೆಯನ್ನು ಹೊರಗಿನಿಂದ ಹೇರಿದ ಷರತ್ತೆಂದು ಅನೇಕರು ಭಾವಿಸಲಿಲ್ಲ. ರೆಸಾರ್ಟು ಮತ್ತು ಹೋಂಸ್ಟೇಗಳಲ್ಲಿ ದುಡಿಯುವವರ ಲೆಕ್ಕಾಚಾರ ಬೇರೆಯಿತ್ತು. ಪ್ರವಾಸಿಗರು ಬಂದರೆ ಸಂಬಳ, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿಯಲ್ಲಿ 2020 ಮತ್ತು 2021ರ ಬೇಸಿಗೆಗಳನ್ನು ಕಳೆದವರು, ‘ನಮ್ಮ ಸಿಬ್ಬಂದಿಗೆಲ್ಲ ಎರಡೂ ಡೋಸ್ ಆಗಿದೆ’ ಎಂಬ ಫಲಕ ಬಾಗಿಲಲ್ಲಿದ್ದರೆ ಬುಕಿಂಗ್ ಹೆಚ್ಚುತ್ತದೆ ಎಂದು ಬಲ್ಲವರು. ಅವರಲ್ಲಿ ಹಲವರು ಕಡ್ಡಾಯವನ್ನು ಒಪ್ಪಿದರು, ಆದರೆ ಒಂದು ನ್ಯಾಯವಾದ ಪ್ರಶ್ನೆಯನ್ನೂ ಕೇಳಿದರು: ಕೋಣೆ ಗುಡಿಸುವ ನನಗೆ ಕಡ್ಡಾಯವಾದರೆ, ಆ ಕೋಣೆಯಲ್ಲಿ ಉಳಿಯುವ ಅತಿಥಿಗೆ ಏಕಿಲ್ಲ? ಮಾಕುಟ್ಟ, ಕುಟ್ಟ, ಕರಿಕೆಯ ಗಡಿಗಳಲ್ಲಿ ಕೇರಳದಿಂದ ಬರುವವರ ಆರ್‌ಟಿ–ಪಿಸಿಆರ್ ವರದಿ ನೋಡುತ್ತಿದ್ದ ಕಾಲದಲ್ಲೂ, ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವವರನ್ನು ಅವರು ಮುಖಾಮುಖಿ ಎದುರಿಸಬೇಕಾಗಿತ್ತು.

ಕಡ್ಡಾಯ ಬೇಡ ಎನ್ನುವವರ ದನಿ ಎಲ್ಲೆಡೆ ಜೋರಾಗಿ ಕೇಳುತ್ತದೆ. ಬೇಕು ಎನ್ನುವ ಕೆಲಸಗಾರರ ದನಿ ಅಷ್ಟು ಕೇಳುವುದಿಲ್ಲ, ಮತ್ತು ಅದನ್ನು ಮರೆತರೆ ಚಿತ್ರ ಅಪೂರ್ಣ. ಲೈನ್‌ಮನೆಗಳಲ್ಲಿ ಗೋಡೆಗೆ ಗೋಡೆ ತಾಗಿ ಕುಟುಂಬಗಳಿರುತ್ತವೆ, ನೀರಿನ ನಲ್ಲಿ, ಬಚ್ಚಲು ಹಲವರಿಗೆ ಸೇರಿ ಒಂದೇ. ಅಲ್ಲಿ ಸಕ್ಕರೆ ಕಾಯಿಲೆಯ ತಾಯಿಯನ್ನು ಇಟ್ಟುಕೊಂಡಿರುವ ಮಗಳಿಗೆ ‘ದೂರ ನಿಲ್ಲು’ ಎಂಬ ಸಲಹೆ ನಿರುಪಯುಕ್ತ. ಪಕ್ಕದ ಮನೆಯವರೂ ಲಸಿಕೆ ಹಾಕಿಸಿಕೊಳ್ಳಲಿ ಎಂದು ಆಕೆ ಬಯಸಿದರೆ ಅದು ಅಧಿಕಾರಸ್ಥರ ಪರವಾದ ಮಾತಾಗುವುದಿಲ್ಲ. ತನ್ನ ಮನೆಯವರ ಉಸಿರಿನ ಪ್ರಶ್ನೆ ಅದು. ಆಕೆಯ ಹಕ್ಕಿಗೂ ಹಿಂಜರಿಯುವವರ ಹಕ್ಕಿಗೂ ನಡುವೆ ತೂಗುವ ಕೆಲಸ ನಿಜಕ್ಕೂ ಕಷ್ಟದ್ದು.

ಆ ತೂಗುವಿಕೆಗೆ ನ್ಯಾಯಾಲಯಗಳು ಒಂದು ಅಳತೆಗೋಲು ಕೊಟ್ಟಿವೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಂಥ ಹಕ್ಕನ್ನು ಮೊಟಕುಗೊಳಿಸಬೇಕಾದರೆ ಅದಕ್ಕೆ ಕಾನೂನಿನ ಆಧಾರ ಇರಬೇಕು, ನ್ಯಾಯಸಮ್ಮತವಾದ ಉದ್ದೇಶ ಇರಬೇಕು, ಮತ್ತು ಆ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟನ್ನೇ ಮೊಟಕುಗೊಳಿಸಬೇಕು ಎಂಬ ಪರೀಕ್ಷೆ ಅಲ್ಲಿಂದ ಬಂದದ್ದು. ಕೋವಿಡ್ ಲಸಿಕೆಯ ವಿಷಯದಲ್ಲಿ ಮೊದಲು ಮಾತಾಡಿದ ನ್ಯಾಯಾಲಯಗಳಲ್ಲಿ ಮೇಘಾಲಯ ಹೈಕೋರ್ಟ್ ಒಂದು. ಅಲ್ಲಿನ ಕೆಲವು ಜಿಲ್ಲಾಡಳಿತಗಳು ಅಂಗಡಿಯವರು, ತಳ್ಳುಗಾಡಿಯವರು, ಟ್ಯಾಕ್ಸಿ ಚಾಲಕರು ಲಸಿಕೆ ಪಡೆದ ಮೇಲಷ್ಟೇ ದುಡಿಮೆ ಆರಂಭಿಸಬೇಕೆಂದು ಆಜ್ಞೆ ಮಾಡಿದ್ದವು. 2021ರ ಜೂನ್‌ನಲ್ಲಿ ಆ ನ್ಯಾಯಾಲಯ, ಬಲವಂತದಿಂದ ಲಸಿಕೆ ಕೊಡುವುದು ಲಸಿಕಾ ಅಭಿಯಾನದ ಮೂಲ ಉದ್ದೇಶವನ್ನೇ ಕೆಡಿಸುತ್ತದೆ, ದುಡಿದು ಬದುಕುವ ಹಕ್ಕನ್ನು ಹೀಗೆ ಕಸಿಯಲಾಗದು ಎಂದಿತು. ಜೊತೆಗೆ, ಗಿರಾಕಿಗಳು ತಾವೇ ತೀರ್ಮಾನಿಸಲು ಅನುಕೂಲವಾಗುವಂತೆ ಸಿಬ್ಬಂದಿಯ ಲಸಿಕೆಯ ಸ್ಥಿತಿಯನ್ನು ಅಂಗಡಿ ಮುಂದೆ ಪ್ರದರ್ಶಿಸಲು ಸೂಚಿಸಿತು.

2022ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ಒಪ್ಪಿಗೆಯಿಲ್ಲದೆ ಯಾರಿಗೂ ಲಸಿಕೆ ಹಾಕಬೇಕೆಂದು ತನ್ನ ಮಾರ್ಗಸೂಚಿಗಳು ಹೇಳುವುದಿಲ್ಲ ಎಂದು ತಿಳಿಸಿತು. ಅದಕ್ಕೆ ಒಂದು ತಿಂಗಳ ಹಿಂದೆ, ಓಮೈಕ್ರಾನ್ ಪತ್ತೆಯಾದ ಬೆನ್ನಲ್ಲೇ, ಕರ್ನಾಟಕದಲ್ಲಿ ಎರಡು ಡೋಸ್ ಪಡೆದವರಿಗೆ ಮಾತ್ರ ಮಾಲ್ ಮತ್ತು ಚಿತ್ರಮಂದಿರಗಳಿಗೆ ಪ್ರವೇಶ ಎಂಬ ಆದೇಶ ಬಂದಿತ್ತು. ಒಂದು ಕಡೆ ಐಚ್ಛಿಕ, ಇನ್ನೊಂದು ಕಡೆ ಬಾಗಿಲು ಬಂದ್. ಜನರಿಗೆ ಯಾವುದನ್ನು ನಂಬಬೇಕೆಂದು ತಿಳಿಯದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಜೇಕಬ್ ಪುಲಿಯೆಲ್ ಎಂಬ ಮಕ್ಕಳ ವೈದ್ಯರು ಹೂಡಿದ್ದ ಮೊಕದ್ದಮೆಯಲ್ಲಿ 2022ರ ಮೇ 2ರಂದು ಬಂದ ಸುಪ್ರೀಂ ಕೋರ್ಟ್ ತೀರ್ಪು ಈ ವಿಷಯದ ಕೇಂದ್ರ. ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರ ಪೀಠ, ಸಂವಿಧಾನದ 21ನೇ ವಿಧಿ ವ್ಯಕ್ತಿಗೆ ತನ್ನ ದೇಹದ ಮೇಲಿರುವ ಅಧಿಕಾರವನ್ನು ರಕ್ಷಿಸುತ್ತದೆ, ಆದ್ದರಿಂದ ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸಲಾಗದು ಎಂದಿತು. ಇಲ್ಲಿಗೇ ತೀರ್ಪು ಮುಗಿಯಿತೆಂದು ಬಹಳ ಜನ ತಿಳಿದಿದ್ದಾರೆ, ಆದರೆ ಮುಂದಿನ ಭಾಗ ಅಷ್ಟೇ ಮುಖ್ಯ. ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ವ್ಯಕ್ತಿಯ ಹಕ್ಕುಗಳ ಮೇಲೆ ಕೆಲವು ಮಿತಿಗಳನ್ನು ಹೇರಬಹುದು, ಆದರೆ ಅವು ಮೇಲೆ ಹೇಳಿದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎಂದೂ ಪೀಠ ಹೇಳಿತು. ಲಸಿಕೆ ಪಡೆಯದವರಿಂದ ಹರಡುವ ಅಪಾಯ ಪಡೆದವರಿಗಿಂತ ಹೆಚ್ಚು ಎಂದು ತೋರಿಸುವ ಮಾಹಿತಿಯನ್ನು ಸರ್ಕಾರಗಳು ಮುಂದಿಡದ ಕಾರಣ, ಆ ಹೊತ್ತಿನ ನಿರ್ಬಂಧಗಳು ಅಗತ್ಯಕ್ಕೆ ಮೀರಿದವು ಎಂದು ತೀರ್ಮಾನಿಸಿ, ಸೋಂಕು ಕಡಿಮೆ ಇರುವವರೆಗೆ ಅಂಥ ಆದೇಶಗಳನ್ನು ಮರುಪರಿಶೀಲಿಸುವಂತೆ ಖಾಸಗಿ ಸಂಸ್ಥೆಗಳೂ ಸೇರಿದಂತೆ ಎಲ್ಲರಿಗೂ ಸೂಚಿಸಿತು. ತನ್ನ ಸೂಚನೆಗಳು ಆಗಿನ ಪರಿಸ್ಥಿತಿಗೆ ಸೀಮಿತ ಎಂದೂ ಬರೆಯಿತು. ಲಸಿಕಾ ನೀತಿಯನ್ನು ಅದು ತಪ್ಪೆಂದು ಹೇಳಲಿಲ್ಲ.

ಹಾಗಾಗಿ ‘ಕಡ್ಡಾಯ ಲಸಿಕೆ ಕಾನೂನುಬಾಹಿರ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ತಪ್ಪು. ನಾಳೆ ದಡಾರದಂತೆ ಹರಡುವ, ಆದರೆ ಲಸಿಕೆಯಿಂದ ಹರಡುವಿಕೆಯೇ ನಿಲ್ಲುವ ರೋಗವೊಂದು ಬಂದರೆ ಇದೇ ಪರೀಕ್ಷೆ ಬೇರೆ ಉತ್ತರ ಕೊಡಬಹುದು. ಭಾರತದಲ್ಲಿ ಕಡ್ಡಾಯ ಲಸಿಕೆಗೆ ಕಾನೂನೇ ಇತ್ತು: ಸಿಡುಬಿಗಾಗಿ ಬ್ರಿಟಿಷರು 1880ರಲ್ಲಿ ತಂದ ಲಸಿಕಾ ಕಾಯ್ದೆ, ರೋಗ ಭೂಮಿಯಿಂದಲೇ ಮರೆಯಾಗಿ ಎರಡು ದಶಕ ಕಳೆದ ಮೇಲೆ, 2001ರಲ್ಲಿ ರದ್ದಾಯಿತು. ಹೊರದೇಶಗಳೂ ಕೆಲಸದ ಬಗೆಯನ್ನು ನೋಡಿ ಬೇರೆ ಬೇರೆ ಉತ್ತರ ಕೊಟ್ಟಿವೆ. ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜನವರಿ 13ರಂದು, ನೂರು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಸರ್ಕಾರ ವಿಧಿಸಿದ್ದ ಲಸಿಕೆ ಅಥವಾ ಪರೀಕ್ಷೆಯ ನಿಯಮವನ್ನು ತಡೆಹಿಡಿದು, ಅದೇ ದಿನ ಆಸ್ಪತ್ರೆ ಸಿಬ್ಬಂದಿಯ ಕಡ್ಡಾಯ ಲಸಿಕೆಗೆ ಅವಕಾಶ ಕೊಟ್ಟಿತು. ಇಂಗ್ಲೆಂಡ್ ವೃದ್ಧರ ಆರೈಕೆ ಕೇಂದ್ರಗಳ ಸಿಬ್ಬಂದಿಗೆ 2021ರ ನವೆಂಬರಿನಲ್ಲಿ ಕಡ್ಡಾಯ ಮಾಡಿ 2022ರ ಮಾರ್ಚಿನಲ್ಲಿ ಹಿಂದಕ್ಕೆ ಪಡೆಯಿತು. ಇಟಲಿ 2021ರ ಅಕ್ಟೋಬರ್ 15ರಿಂದ ಎಲ್ಲ ಕೆಲಸಗಾರರಿಂದಲೂ ಲಸಿಕೆಯ, ಗುಣಮುಖರಾದ ಅಥವಾ ಪರೀಕ್ಷೆಯ ಪ್ರಮಾಣಪತ್ರ ಕೇಳಿತು.

ಆದರೆ ಈ ಎಲ್ಲ ತೀರ್ಪುಗಳೂ ನಿಯಮಗಳೂ ಊಹಿಸಿಕೊಂಡಿರುವ ನೌಕರ ಕೊಡಗಿನ ತೋಟದ ಕೆಲಸಗಾರನಂತಿಲ್ಲ. ನಗರದ ಕಚೇರಿಯಲ್ಲಿ ಲಸಿಕೆ ನಿರಾಕರಿಸಿದವರು ಮನೆಯಿಂದ ಕೆಲಸ ಮಾಡಬಹುದು, ಸಂಬಳವಿಲ್ಲದ ರಜೆ ಹಾಕಬಹುದು, ಬೇರೆ ಕೆಲಸ ಹುಡುಕಬಹುದು. ಕಾಫಿ ಹಣ್ಣನ್ನು ಮನೆಯಲ್ಲಿ ಕೂತು ಕೊಯ್ಯಲಾಗದು. ಇನ್ನೂ ದೊಡ್ಡ ಸಂಗತಿಯೆಂದರೆ, ಲೈನ್‌ಮನೆಯಲ್ಲಿರುವವನಿಗೆ ಕೆಲಸ ಕೊಡುವವರೇ ಮನೆಯನ್ನೂ ಕೊಟ್ಟಿರುತ್ತಾರೆ. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಮನೆ ಮತ್ತು ವೈದ್ಯಕೀಯ ಸೌಲಭ್ಯ ಒದಗಿಸುವುದು ದೊಡ್ಡ ತೋಟಗಳ ಮಾಲೀಕರ ಹೊಣೆ. ಕಾರ್ಮಿಕರ ರಕ್ಷಣೆಗೆಂದು ಬಂದ ಈ ವ್ಯವಸ್ಥೆಯಲ್ಲಿ ಕೆಲಸ ಹೋದರೆ ಸೂರೂ ಹೋಗುತ್ತದೆ, ಮಕ್ಕಳ ಶಾಲೆ ತಪ್ಪುತ್ತದೆ, ಅಂಗಡಿಯ ಸಾಲದ ಲೆಕ್ಕ ಒಮ್ಮೆಗೇ ಮುಂದೆ ಬರುತ್ತದೆ. ಪಡೆದ ಮುಂಗಡ ತೀರದಿದ್ದರೆ ಬೇರೆ ತೋಟಕ್ಕೆ ಹೋಗುವುದೂ ಕಷ್ಟ. ಇಂಥವರ ಮುಂದೆ ‘ಲಸಿಕೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ನಾಳೆಯಿಂದ ಬರಬೇಡಿ’ ಎಂದು ಹೇಳಿ, ಅವರು ಹಾಕಿಸಿಕೊಂಡ ಮೇಲೆ ‘ಎಲ್ಲರೂ ಒಪ್ಪಿಯೇ ಹಾಕಿಸಿಕೊಂಡರು’ ಎಂದು ವರದಿ ಬರೆದರೆ ಅದು ನಿಜವಾದ ಒಪ್ಪಿಗೆಯ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ನಿಲುವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಲಸಿಕೆಗಳು ಜೀವ ಉಳಿಸುತ್ತವೆ, ಮತ್ತು ತೋಟದ ಪ್ರತಿಯೊಬ್ಬ ಕೆಲಸಗಾರನಿಗೂ ಅವು ಸಿಗಬೇಕು. ಆಸ್ಪತ್ರೆ ಮತ್ತು ಅಡುಗೆಮನೆಗಳಲ್ಲಿ, ಇನ್ನೊಬ್ಬರ ರಕ್ಷಣೆ ನೇರವಾಗಿ ಸಿಬ್ಬಂದಿಯ ಕೈಯಲ್ಲಿರುವ ಕಡೆ, ಆಯಾ ರೋಗಕ್ಕೆ ತಕ್ಕ ಲಸಿಕೆಯನ್ನು ಕೆಲಸಕ್ಕೆ ಸೇರುವಾಗಲೇ ಷರತ್ತಾಗಿ ಇಡುವುದು ಸರಿ. ತೆರೆದ ಬಯಲಿನಲ್ಲಿ ನಡೆಯುವ, ಸೂರಿಗೂ ಸಾಲಕ್ಕೂ ಕಟ್ಟಿಹೋಗಿರುವ ತೋಟದ ಕೆಲಸದಲ್ಲಿ ಕೆಲಸ ಕಳೆಯುವ ಬೆದರಿಕೆಯಿಂದ ಲಸಿಕೆ ಕೊಡಿಸುವುದು ತಪ್ಪು, ಮತ್ತು ಅದು ಅನಗತ್ಯವೂ ಹೌದು. ಗೋದಾಮಿನ ಗೋಡೆಗೆ ಒರಗಿ ನಿಂತ ಐವರಿಗೆ ಬೇಕಾಗಿದ್ದದ್ದು ಎರಡು ದಿನದ ಹಾಜರಿ.

ಕೂಲಿಯ ಪ್ರಶ್ನೆ ಸಣ್ಣದೆಂದು ತೋರಬಹುದು. ಲಸಿಕೆ ಪಡೆದ ಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರುವುದು ಸಾಮಾನ್ಯ, ಅದು ದೇಹ ರೋಗನಿರೋಧವನ್ನು ಕಟ್ಟಿಕೊಳ್ಳುತ್ತಿರುವುದರ ಲಕ್ಷಣ. ತಿಂಗಳ ಸಂಬಳದವರಿಗೆ ಅದು ಕ್ಯಾಶುವಲ್ ರಜೆ, ದಿನಗೂಲಿಯವರಿಗೆ ಒಲೆ ಹಚ್ಚದ ದಿನ. ಚುನಾವಣೆಯ ದಿನ ಮತ ಹಾಕಲೆಂದು ದಿನಗೂಲಿಯವರಿಗೂ ವೇತನ ಸಹಿತ ರಜೆ ಕೊಡಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮು ಹೇಳುತ್ತದೆ. ಮತ ಹಾಕಲು ಸಿಗುವ ಕೂಲಿ ಲಸಿಕೆಗೆ ಏಕೆ ಸಿಗಬಾರದು? ಇದಕ್ಕಿಂತ ಗಂಭೀರವಾದದ್ದು, ಅಪರೂಪಕ್ಕೆ ದೊಡ್ಡ ತೊಂದರೆಯಾದರೆ ಹೊಣೆ ಯಾರದು ಎಂಬುದು. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನ ಮುಂದೆ, ಲಸಿಕೆ ಪಡೆಯುವುದು ಐಚ್ಛಿಕವಾಗಿದ್ದುದರಿಂದ ಅಡ್ಡಪರಿಣಾಮಗಳಿಗೆ ತಾನು ಹೊಣೆಯಲ್ಲ, ಪರಿಹಾರ ಬೇಕಾದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು ಎಂಬ ನಿಲುವು ತಳೆಯಿತು. ಸರ್ಕಾರದ ದೃಷ್ಟಿಯಲ್ಲಿ ಐಚ್ಛಿಕವಾದದ್ದು ತೋಟದ ಗೇಟಿನಲ್ಲಿ ಕಡ್ಡಾಯವಾಗಿದ್ದರೆ, ನಡುವೆ ಸಿಕ್ಕಿಬೀಳುವವನು ಕೆಲಸಗಾರ. ಆಜ್ಞೆ ಹೊರಡಿಸುವ ಮಾಲೀಕರು ಜ್ವರದ ದಿನದ ಕೂಲಿಯಿಂದ ಹಿಡಿದು ಆಸ್ಪತ್ರೆಯ ಬಿಲ್ಲಿನವರೆಗೆ ಹೊಣೆಯನ್ನೂ ಬರಹದಲ್ಲಿ ಹೊರಬೇಕೆಂದು ಕಾರ್ಮಿಕರು ಕೇಳುವುದು ನ್ಯಾಯವೇ ಆಗಿದೆ.

‘ಎಲ್ಲರೂ, ಈ ತಿಂಗಳೊಳಗೆ’ ಎಂಬ ಬಗೆಯ ಆಜ್ಞೆಗಳಲ್ಲಿ ಇನ್ನೊಂದು ತೊಡಕಿದೆ. ಗರ್ಭಿಣಿಯರಿಗೆ ಕೋವಿಡ್ ಲಸಿಕೆ ಕೊಡಲು ಆರೋಗ್ಯ ಸಚಿವಾಲಯ ಒಪ್ಪಿದ್ದು 2021ರ ಜುಲೈನಲ್ಲಿ. ಅದಕ್ಕೆ ಮೊದಲು ಅವರು ಕೇಳಿದರೂ ಸಿಗುತ್ತಿರಲಿಲ್ಲ. ಕೋವಿಡ್‌ನಿಂದ ಗುಣವಾದವರು ಮೂರು ತಿಂಗಳು ಕಾಯಬೇಕಿತ್ತು. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವಿನ ಅಂತರ ಮೊದಲು ನಾಲ್ಕರಿಂದ ಆರು ವಾರ ಇದ್ದದ್ದು ಮೇ ತಿಂಗಳಲ್ಲಿ ಹನ್ನೆರಡರಿಂದ ಹದಿನಾರು ವಾರಗಳಿಗೆ ಏರಿತು. ಈ ಯಾವುದನ್ನೂ ಲೆಕ್ಕಕ್ಕೆ ಹಿಡಿಯದ ನೋಟಿಸು ಸರ್ಕಾರದ ವೈದ್ಯಕೀಯ ಸೂಚನೆಗೇ ವಿರುದ್ಧವಾಗುತ್ತಿತ್ತು. ಲಸಿಕೆ ಹಾಕಿಸಿಕೊಳ್ಳದವರ ಹೆಸರನ್ನು ಕಚೇರಿಯ ಗೋಡೆಯಲ್ಲಿ ಅಂಟಿಸುವ ಪದ್ಧತಿಯಂತೂ ತೀರಾ ಕೆಟ್ಟದ್ದು. ಗರ್ಭಿಣಿ ಎಂದೋ, ಅಲರ್ಜಿ ಇದೆ ಎಂದೋ, ಇನ್ನಾವುದೋ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವೆನೆಂದೋ ಹೇಳಿಕೊಳ್ಳದೆ ಆ ಪಟ್ಟಿಯಿಂದ ಹೊರಬರುವ ದಾರಿ ಇರುವುದಿಲ್ಲ, ಹೇಳಿಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆ. ಇಂಥ ಮಾಹಿತಿಯನ್ನು ವೈದ್ಯರೊಬ್ಬರು ನೋಡಿ, ಮಾಲೀಕರಿಗೆ ‘ವಿನಾಯಿತಿ ಇದೆ’ ಎಂಬಷ್ಟನ್ನೇ ತಿಳಿಸಿದರೆ ಸಾಕು.

ಕೊನೆಯದಾಗಿ ವಲಸೆ ಕಾರ್ಮಿಕರ ವಿಷಯ. ಕಾಫಿ ಕೊಯ್ಲು ಡಿಸೆಂಬರಿನಲ್ಲಿ ಅರೇಬಿಕಾದಿಂದ ಶುರುವಾಗಿ ರೋಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಬರುತ್ತದೆ. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯಿಂದ ಬರುವವರು ಈ ತಿಂಗಳುಗಳಲ್ಲಿ ಒಂದು ತೋಟದಿಂದ ಇನ್ನೊಂದಕ್ಕೆ ಸಾಗುತ್ತಲೇ ಇರುತ್ತಾರೆ. 84 ದಿನಗಳ ಅಂತರವಿರುವ ಎರಡು ಡೋಸ್‌ಗಳಲ್ಲಿ ಮೊದಲನೆಯದು ಊರಿನಲ್ಲಿ, ಎರಡನೆಯದು ಇಲ್ಲಿ ಎಂದಾದಾಗ, ಮೊದಲ ಡೋಸಿಗೆ ಕೊಟ್ಟಿದ್ದ ಮೊಬೈಲ್ ಸಂಖ್ಯೆ ಕೆಲಸಕ್ಕೆ ಜನ ಕರೆತರುವ ಮೇಸ್ತ್ರಿಯದ್ದೋ ನೆಂಟರದ್ದೋ ಆಗಿದ್ದರೆ ದಾಖಲೆ ತೆಗೆಯುವುದೇ ಕಷ್ಟವಾಗುತ್ತಿತ್ತು. ಅವರಲ್ಲಿ ಹಲವರಿಗೆ ಕನ್ನಡ ಬಾರದು, ಶಿಬಿರದಲ್ಲಿ ಕೊಟ್ಟ ಸೂಚನೆಯನ್ನು ಅವರಿಗೆ ಹೇಳುವ ಭಾಷೆ ಮೇಸ್ತ್ರಿಯ ಬಾಯಿಂದಲೇ ಬರಬೇಕು, ಮತ್ತು ಆ ಮೇಸ್ತ್ರಿಗೆ ಕಮಿಷನ್ ಸಿಗುವುದು ಅವರು ಕೆಲಸಕ್ಕೆ ಹೋದರೆ ಮಾತ್ರ. ಅವರ ಅಭಿಪ್ರಾಯ ಏನೆಂದು ಕೇಳುವುದಕ್ಕೂ ಅವರ ಭಾಷೆ ಬಲ್ಲ, ಆದರೆ ಅವರ ಕೂಲಿಯಲ್ಲಿ ಪಾಲಿಲ್ಲದ ಒಬ್ಬರು ಬೇಕು. ಮುಂದಿನ ಸಾಂಕ್ರಾಮಿಕಕ್ಕೆ ಜಿಲ್ಲೆಯಲ್ಲಿ ಸಿದ್ಧತೆ ಮಾಡುವವರು ಆಶಾ ಕಾರ್ಯಕರ್ತೆಯರ ಜೊತೆಗೆ ಅಸ್ಸಾಮಿ, ಬಂಗಾಳಿ, ಹಿಂದಿ ಮಾತಾಡುವ ಕೆಲವರನ್ನು ಕೊಯ್ಲಿನ ತಿಂಗಳುಗಳಿಗಾದರೂ ನೇಮಿಸಿಕೊಳ್ಳಬೇಕು, ಮತ್ತು ಆ ಖರ್ಚನ್ನು ಬೆಳೆಗಾರರ ಸಂಘಟನೆಗಳೂ ಆರೋಗ್ಯ ಇಲಾಖೆಯೂ ಸೇರಿ ಹಂಚಿಕೊಳ್ಳಬೇಕು.